700 ಟನ್ನಿನೊಳಗಿನ ಲೆಕ್ಕ

ಕ್ಯಾಸಲ್‌ರಾಕ್ ಮೂಲಕ ತೋರಣಗಲ್ಲಿನ ಉಕ್ಕು ಕಾರ್ಖಾನೆಗೆ ಸಾಗುವ ಕಲ್ಲಿದ್ದಲು ಇಳಿಯುವುದು ಗೋವಾದ ಮುರ್ಮುಗಾಂವ್ ಬಂದರಿನಲ್ಲಿ. 37ಕ್ಕೆ 1ರ ಏರಿನ ಘಟ್ಟವನ್ನು ಅದು ಬ್ಯಾಂಕರ್ (ಹಿಂದಿನಿಂದ ನೂಕುವ) ಎಂಜಿನ್‌ಗಳ ಬಲದಿಂದ ಹತ್ತುತ್ತದೆ. ರೈಲಿಗೆ 3,800 ಟನ್ ಹಿಡಿದರೆ, 75,000 ಟನ್ನಿನ ಒಂದು ಹಡಗು ಖಾಲಿಯಾಗಲು 20 ರೈಲು ಬೇಕು. ಅಂಥ ಹಡಗು ತನ್ನ ಓಟಕ್ಕೆಂದೇ ನೂರಾರು ಟನ್ ಇಂಧನ ತೈಲ ತುಂಬಿಕೊಂಡಿರುತ್ತದೆ. ಹಾಗಾಗಿ ತೈಲದ ಟ್ಯಾಂಕರ್ ಬಾರದ ಬಂದರಿಗೂ ಸೋರಿಕೆಯ ಭಯ ತಪ್ಪಿದ್ದಲ್ಲ.

ಎರಡು ಮೇ ತಿಂಗಳು

2006ರ ಮೇ 30ರಂದು ಪನಾಮಾ ಧ್ವಜದ ಸರಕು ಹಡಗು 'ಓಷನ್ ಸೆರಾಯಾ' ಕಾರವಾರದ ಬಳಿ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಇಂಧನ ತೈಲ ಸುಮಾರು 650 ಟನ್. ಸೋರಿದ ಎಣ್ಣೆ ದಕ್ಷಿಣ ಗೋವಾದ ಕಡಲತೀರವನ್ನೂ ಮುಟ್ಟಿತು. 2025ರ ಮೇ 25ರಂದು ಕೇರಳದ ಕರಾವಳಿಯಾಚೆ ಮುಳುಗಿದ 'ಎಂಎಸ್‌ಸಿ ಎಲ್ಸಾ 3' ಹಡಗಿನಲ್ಲಿ 367.1 ಟನ್ ಫರ್ನೇಸ್ ಆಯಿಲ್, 84.44 ಟನ್ ಡೀಸೆಲ್ ಇತ್ತು. ಎರಡೂ ಮಳೆಗಾಲ ಕಾಲಿಡುವ ಹೊತ್ತಿನ ಅವಘಡಗಳು.

ಕೋಸ್ಟ್ ಗಾರ್ಡ್ ರೂಪಿಸಿರುವ ರಾಷ್ಟ್ರೀಯ ಯೋಜನೆಯಲ್ಲಿ 700 ಟನ್‌ವರೆಗಿನ ಸೋರಿಕೆ ಮೊದಲ ಹಂತದ್ದು, ಎಂದರೆ ಅತಿ ಚಿಕ್ಕದು. ಬಂದರಿನ ವ್ಯಾಪ್ತಿಯಲ್ಲಿ ಇಷ್ಟನ್ನು ಬಂದರೇ ತನ್ನ ಉಪಕರಣಗಳಿಂದ ನಿಭಾಯಿಸಬೇಕು. ಗಾತ್ರದಲ್ಲಿ ಮೇಲಿನ ಎರಡೂ ಈ 'ಚಿಕ್ಕ' ಹಂತದವೇ.

ಏನೇನು, ಎಷ್ಟೆಷ್ಟು?

ಸೆರಾಯಾದಲ್ಲಿದ್ದಷ್ಟು, ಎಂದರೆ 650 ಟನ್, ಬಂದರಿನಲ್ಲಿ ಪೂರ್ತಿ ಸೋರಿತೆಂದು ಲೆಕ್ಕ ಹಾಕೋಣ.

- ಬೂಮ್ (ತೇಲುವ ತಡೆಬೇಲಿ): ಹಡಗಿನ ಉದ್ದದ ಮೂರು ಪಟ್ಟು. 225 ಮೀಟರ್ ಹಡಗಿಗೆ 675 ಮೀಟರ್. ನೀರಿನ ಸೆಳೆತ ಬೇಲಿಗೆ ನೇರವಾಗಿ ಸುಮಾರು 0.7 ನಾಟ್ ದಾಟಿದರೆ ಎಣ್ಣೆ ಅಡಿಯಿಂದ ನುಸುಳುತ್ತದೆ; ಬೇಲಿಯನ್ನು ಓರೆಯಾಗಿ ಹಾಕಬೇಕು.
- ಎಣ್ಣೆಯ ಗಾತ್ರ: ಸುಮಾರು 677 ಕಿಲೋಲೀಟರ್. ಅಲೆಗಳ ಹೊಡೆತಕ್ಕೆ ನೀರು ಬೆರೆತು ಶೇ 75 ನೀರಾದರೆ ಸುಮಾರು 2,700 ಕಿಲೋಲೀಟರ್.
- ಸ್ಕಿಮ್ಮರ್ (ಎಣ್ಣೆ ಎತ್ತುವ ಯಂತ್ರ): ಗಂಟೆಗೆ 20 ಕಿಲೋಲೀಟರ್ ಎಂದು ಬರೆದಿದ್ದರೂ ಅಮೆರಿಕದ ಕೋಸ್ಟ್ ಗಾರ್ಡ್ ಲೆಕ್ಕದಂತೆ ನೆಚ್ಚಬಹುದಾದ್ದು ಶೇ 20. ದಿನಕ್ಕೆ 96 ಕಿಲೋಲೀಟರ್. ಒಂದಕ್ಕೆ 28 ದಿನದ ಕೆಲಸ, ನಾಲ್ಕಕ್ಕೆ 7 ದಿನದ್ದು.
- ಸಂಗ್ರಹ: ನಾಲ್ಕು ಸ್ಕಿಮ್ಮರ್ ದಿನಕ್ಕೆ ಎತ್ತುವುದು 384 ಕಿಲೋಲೀಟರ್. 20 ಕಿಲೋಲೀಟರಿನ ಲಾರಿಗೆ 19ಕ್ಕೂ ಹೆಚ್ಚು ಟ್ರಿಪ್, ಒಟ್ಟು 135.

ಖರ್ಚಿನ ತೂಕ

ಎಲ್ಸಾ ಪ್ರಕರಣದಲ್ಲಿ ಕೇರಳ ಸರ್ಕಾರ ಹೈಕೋರ್ಟಿನಲ್ಲಿ ಕೇಳಿದ ಪರಿಹಾರ 9,531 ಕೋಟಿ ರೂಪಾಯಿ. ಅದರಲ್ಲಿ ಪರಿಸರ ಹಾನಿಗೆ 8,626.12 ಕೋಟಿ, ಹಾನಿ ತಡೆದು ಸರಿಪಡಿಸುವ ವೆಚ್ಚಕ್ಕೆ 378.48 ಕೋಟಿ, ಮೀನುಗಾರರ ನಷ್ಟಕ್ಕೆ 526.51 ಕೋಟಿ. ಎಣ್ಣೆಯಷ್ಟೇ ಅಲ್ಲ, ಕಂಟೇನರ್ ಸರಕಿನಿಂದಾದ ಹಾನಿಯೂ ಇದರಲ್ಲಿ ಸೇರಿದೆ. ಇದು ಬೇಡಿಕೆಯೇ ಹೊರತು ಕೈಗೆ ಬಂದ ಹಣವಲ್ಲ. ಇತ್ತ ಉಪಕರಣ ಕೊಳ್ಳುವ ಬಂದರುಗಳಿಗೆ ಅರ್ಧ ವೆಚ್ಚ ಭರಿಸುವ ಯೋಜನೆಯನ್ನು ಕೇಂದ್ರ ಸರ್ಕಾರ ರೂಪಿಸಿತ್ತು.

ಖರೀದಿ ಪಟ್ಟಿಯಲ್ಲಿ ಬೂಮ್, ಸ್ಕಿಮ್ಮರ್ ಕಣ್ಣಿಗೆ ಬೀಳುತ್ತವೆ, ಟ್ಯಾಂಕು ಬೀಳುವುದಿಲ್ಲ. ಆದರೆ ಎತ್ತಿದ ಎಣ್ಣೆಗೆ ದಿನಕ್ಕೆ 100 ಕಿಲೋಲೀಟರಿನಷ್ಟೇ ಜಾಗವಿದ್ದರೆ, ನಾಲ್ಕು ಸ್ಕಿಮ್ಮರ್‌ಗಳಲ್ಲಿ ಮೂರು ಸುಮ್ಮನೆ ನಿಲ್ಲುತ್ತವೆ. ಟೆಂಡರ್ ಕರೆಯುವ ಬಂದರು ಮೊದಲು ಬರೆಯಬೇಕಾದ ಅಂಕಿ ಸಂಗ್ರಹದ್ದು.