ಶೇಂಗಾ ಕಾಳಿನ ವಿಷ: ಮಸಾರಿಯಲ್ಲಿ ಹೇಗೆ, ಎರೆಯಲ್ಲಿ ಹೇಗೆ?



ದಸರೆ ಬಂದಿತೆಂದರೆ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕ ಕೇಳಲು ಜನ ಕೂಡುತ್ತಾರೆ. ಮಳೆ ಬೆಳೆ ಹೇಗಾದೀತು ಎಂಬುದೇ ಎಲ್ಲರ ಚಿಂತೆ. ಮುಂಗಾರಿ ಶೇಂಗಾ ಕೀಳುವ ಕಾಲವೂ ಅದೇ. ಕೀಳುವುದಕ್ಕೆ ಮುಂಚಿನ ಒಂದು ತಿಂಗಳು ಮಳೆ ಕೈಕೊಟ್ಟರೆ ಇಳುವರಿ ತಗ್ಗುವುದಷ್ಟೇ ಅಲ್ಲ, ಕಾಳಿನಲ್ಲಿ ಕಣ್ಣಿಗೆ ಕಾಣದ ವಿಷವೂ ಸೇರಬಹುದು.

ಈ ವಿಷದ ಹೆಸರು ಅಫ್ಲಾಟಾಕ್ಸಿನ್. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬಣ್ಣದ ಬೂಷ್ಟು ಇದನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಶೇಂಗಾಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂದಿತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ಉಂಡು, ಯಕೃತ್ತು ಕೆಟ್ಟು, ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಬೇಯಿಸಿದರೂ ಹುರಿದರೂ ಈ ವಿಷ ಪೂರ್ತಿ ಹೋಗದು. ಕೆಟ್ಟ ಹಿಂಡಿ ತಿಂದ ಆಕಳ ಹಾಲಿಗೂ ಇದರ ಅಂಶ ಇಳಿಯುತ್ತದೆ.

ಬೂಷ್ಟಿನ ಮನೆ ಮಣ್ಣು. ಹಿಂದಿನ ಬೆಳೆಯ ಕೂಳೆ ಮತ್ತು ಹೊಲದಲ್ಲಿ ಉಳಿದ ಕಾಯಿಗಳ ಮೇಲೆ ಅದು ಬದುಕಿರುತ್ತದೆ. ಆದರೆ ಎಲ್ಲ ಮಣ್ಣಿನಲ್ಲಿಯೂ ಅದರ ಆಟ ಒಂದೇ ರೀತಿ ನಡೆಯುವುದಿಲ್ಲ.

ಮಸಾರಿ ಭೂಮಿಯಲ್ಲಿ ನೀರು ಬೇಗ ಬಸಿದುಹೋಗುತ್ತದೆ. ಮಳೆ ನಿಂತರೆ ಕಾಯಿ ಇರುವ ಮೇಲ್ಪದರವು ಒಣಗಿ ಬಿಸಿಯೇರುತ್ತದೆ. ತೇವವಿರುವ ಕಾಳಿಗೆ ಬೂಷ್ಟನ್ನು ತಡೆಯುವ ಸ್ವಂತ ಶಕ್ತಿಯುಂಟು. ನೀರು ತಪ್ಪಿದಾಗ ಆ ಶಕ್ತಿ ಕುಂದಿ, ಬಿಸಿಯನ್ನು ತಾಳಬಲ್ಲ ಬೂಷ್ಟು ಒಳಸೇರುತ್ತದೆ.

ಎರೆ ಭೂಮಿ ತೇವವನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಹೈದರಾಬಾದಿನ ಬಳಿಯ ಇಕ್ರಿಸಾಟ್ ಸಂಸ್ಥೆಯ ಪ್ರಯೋಗಗಳಲ್ಲಿ ಕೆಂಪು ಮಣ್ಣಿಗಿಂತ ಎರೆಮಣ್ಣಿನ ಶೇಂಗಾದಲ್ಲಿ ಈ ವಿಷ ಕಡಿಮೆ ಕಂಡಿದೆ. ಆದರೆ ಎರೆಯಲ್ಲಿ ಕಿತ್ತ ಕಾಯಿಗೆ ಹಸಿಮಣ್ಣು ಅಂಟಿಕೊಂಡು ಬೇಗ ಒಣಗುವುದಿಲ್ಲ. ಅಲ್ಲಿಯ ಅಪಾಯ ಕಣದಲ್ಲಿದೆ.

ಮಣ್ಣಿಗೆ ಬಿದ್ದ ವಿಷದ ಗತಿ ಏನು? ಎರೆಯ ಜಿಗಟು ಕಣಗಳು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ; ಮರಳುಮಣ್ಣು ಅಷ್ಟು ಹಿಡಿಯಲಾರದು. ಎರಡರಲ್ಲಿಯೂ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಕ್ರಮೇಣ ಒಡೆದುಹಾಕುತ್ತವೆ. ಆದುದರಿಂದ ಹೊಲವೇ ವಿಷವಾಯಿತೆಂದು ಹೆದರಬೇಕಿಲ್ಲ. ಉಳಿದುಕೊಳ್ಳುವುದು ಬೂಷ್ಟು, ಅದರ ಮೇಲೆ ಕಣ್ಣಿರಬೇಕು.

ಮಾಡಬೇಕಾದ ಕೆಲಸಗಳು:

1. ಬಿತ್ತುವ ಮೊದಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹಾಕಿರಿ. ಮಸಾರಿಗೆ ಇದು ತೇವ ಹಿಡಿಯುವ ಶಕ್ತಿ ಕೊಡುತ್ತದೆ.

2. ಹೂವಾಡುವಾಗ ಎಕರೆಗೆ 200 ಕಿಲೋ ಜಿಪ್ಸಂ ಹಾಕಿ ಮಣ್ಣು ಏರಿಸಿರಿ. ಕಾಯಿಯ ಸಿಪ್ಪೆ ಗಟ್ಟಿಯಾಗುತ್ತದೆ.

3. ನೀರಿನ ಅನುಕೂಲವಿದ್ದರೆ ಕೊನೆಯ ತಿಂಗಳಲ್ಲಿ ಬೆಳೆ ಬಾಡಗೊಡಬೇಡಿರಿ.

4. ಬಲಿತ ಕೂಡಲೇ ಕಿತ್ತು, ಮಣ್ಣು ಕೊಡವಿ, ಕಾಳಿನ ತೇವ ನೂರಕ್ಕೆ 8ಕ್ಕಿಂತ ಕಡಿಮೆಯಾಗುವವರೆಗೆ ಒಣಗಿಸಿರಿ. ಕಾಯಿ ಅಲುಗಿಸಿದರೆ ಕಾಳು ಗಲಗಲ ಎನ್ನಬೇಕು.

5. ಸುಲಿಯಲು ಹಗುರವಾಗಲೆಂದೋ ತೂಕ ಬರಲೆಂದೋ ನೀರು ಚಿಮುಕಿಸಲೇಬೇಡಿರಿ.

6. ಒಡೆದ, ಹುಳ ತಿಂದ, ಬೂಷ್ಟು ಹಿಡಿದ ಕಾಯಿಗಳನ್ನು ಆರಿಸಿ ತೆಗೆಯಿರಿ. ಅವನ್ನು ದನಕ್ಕೂ ಹಾಕಬಾರದು, ಗಾಣಕ್ಕೂ ಕಳಿಸಬಾರದು.

ಹೆಚ್ಚಿನ ಸಲಹೆಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನಾಗಲಿ ಕೇಳಿರಿ. ಮಳೆ ನಮ್ಮ ಕೈಯಲ್ಲಿಲ್ಲ. ಕಣದ ಎಚ್ಚರಿಕೆ ಮಾತ್ರ ನಮ್ಮ ಕೈಯಲ್ಲಿಯೇ ಇದೆ. ನಾವು ಮಾರುವ ಕಾಳನ್ನೇ ನಮ್ಮ ಮಕ್ಕಳೂ ತಿನ್ನುತ್ತಾರೆ ಎಂಬುದನ್ನು ಮರೆಯದಿರೋಣ.