ಕಲಿಯುವ ಬಗೆಗಳೂ ಓದಿನ ಕ್ರಮವೂ

ಒಂದೇ ಬೆಂಚಿನ ಮೇಲೆ ಕುಳಿತು ಒಬ್ಬರೇ ಉಪಾಧ್ಯಾಯರಿಂದ ಒಂದೇ ಪಾಠವನ್ನು ಕೇಳಿದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಅದು ಕರತಲಾಮಲಕವಾಗುತ್ತದೆ. ಇನ್ನೊಬ್ಬನಿಗೆ ಮಾರನೆಯ ದಿನವೇ ಮರೆತುಹೋಗುತ್ತದೆ. ಇದನ್ನು ಕಾಣದ ತಂದೆತಾಯಿಗಳಿಲ್ಲ. ಹಿಂದಿನವರು ‘ಅವರವರ ಬುದ್ಧಿ’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಈಚಿನ ದಶಕಗಳಲ್ಲಿ ಬೇರೊಂದು ಸಮಾಧಾನವು ಪ್ರಚಾರಕ್ಕೆ ಬಂದಿದೆ. ಕೆಲವರು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ ಕಲಿಯುವವರು, ಕೆಲವರು ಓದಿ ಬರೆದು, ಮತ್ತೆ ಕೆಲವರು ಕೈಯಾರೆ ಮಾಡಿ ಕಲಿಯುವವರು. ಪ್ರತಿಯೊಬ್ಬನಿಗೂ ಅವನವನ ಬಗೆಯಂತೆಯೇ ಪಾಠ ಹೇಳಿದರೆ ವಿದ್ಯೆಯು ಸುಲಭವಾಗಿ ಹತ್ತುತ್ತದೆ ಎಂಬುದೇ ಆ ಸಮಾಧಾನ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಎಂಬವರು 1992ರಲ್ಲಿ ಈ ನಾಲ್ಕು ಬಗೆಗಳನ್ನು ವಿವರಿಸಿದರು. ಅವರ ಪ್ರಶ್ನಾವಳಿಯು ದೇಶದೇಶಗಳಲ್ಲಿ ಹರಡಿತು.

ಕೇಳುವುದಕ್ಕೆ ಈ ಮಾತು ಹಿತವಾಗಿದೆ. ಆದರೆ ಇದು ನಿಜವೇ? ಪರೀಕ್ಷಿಸುವ ಮಾರ್ಗವು ಕಷ್ಟವಾದುದಲ್ಲ. ‘ಕಣ್ಣಿನ’ ಮಕ್ಕಳಲ್ಲಿ ಅರ್ಧ ಜನಕ್ಕೆ ಚಿತ್ರದಿಂದಲೂ ಉಳಿದ ಅರ್ಧ ಜನಕ್ಕೆ ಮಾತಿನಿಂದಲೂ ಪಾಠ ಹೇಳಬೇಕು. ‘ಕಿವಿಯ’ ಮಕ್ಕಳಿಗೂ ಹಾಗೆಯೇ ಮಾಡಬೇಕು. ಆಮೇಲೆ ಎಲ್ಲರಿಗೂ ಒಂದೇ ಪರೀಕ್ಷೆಯನ್ನು ಕೊಡಬೇಕು. ತಮ್ಮ ಬಗೆಗೆ ಒಪ್ಪುವ ಪಾಠವನ್ನು ಪಡೆದವರೇ ಎರಡು ಗುಂಪಿನಲ್ಲಿಯೂ ಮುಂದಾದರೆ ಸಿದ್ಧಾಂತವು ನಿಲ್ಲುತ್ತದೆ. ಅಮೆರಿಕದ ನಾಲ್ವರು ಮನಃಶಾಸ್ತ್ರಜ್ಞರು, ಪ್ಯಾಶ್ಲರ್, ಮ್ಯಾಕ್‌ಡೇನಿಯಲ್, ರೋರರ್ ಮತ್ತು ಬ್ಯೋರ್ಕ್, ಅದುವರೆಗಿನ ಸಂಶೋಧನೆಗಳನ್ನೆಲ್ಲ ಈ ಒರೆಗಲ್ಲಿಗೆ ಹಚ್ಚಿ ನೋಡಿ 2008ರಲ್ಲಿ ತಮ್ಮ ತೀರ್ಮಾನವನ್ನು ಪ್ರಕಟಿಸಿದರು. ಬಗೆಗೆ ತಕ್ಕಂತೆ ಪಾಠ ಹೇಳಬೇಕೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದೇ ಅವರು ಕಂಡರು. ಮನಸ್ಸಿಗೆ ಹಿಡಿಸುವ ಬಗೆ ಪ್ರತಿಯೊಬ್ಬರಿಗೂ ಉಂಟು. ಆದರೆ ಹಿಡಿಸಿದ್ದರಿಂದಲೇ ಹೆಚ್ಚು ಕಲಿತಂತಾಗುವುದಿಲ್ಲ.

ಹಾಗಾದರೆ ಕಣ್ಣು, ಕಿವಿ, ಕೈಗಳಲ್ಲಿ ಯಾವುದನ್ನು ಬಳಸಬೇಕು? ಇದನ್ನು ಒಂದು ಹಳ್ಳಿಯ ನಿದರ್ಶನದಿಂದ ನೋಡೋಣ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯು ಮಹಾಲಕ್ಷ್ಮಿಯ ದೇವಾಲಯದಿಂದ ನಾಡಿಗೆಲ್ಲ ಪರಿಚಿತವಾದ ಊರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಅದು ಸೇರಿದೆ. ಅಲ್ಲಿನ ಒಬ್ಬ ಹುಡುಗಿಗೆ ಒಂದೇ ಸಂಜೆ ಮೂರು ಪಾಠಗಳಿವೆಯೆಂದು ಭಾವಿಸೋಣ. ಮೊದಲನೆಯದು ಜಯಮಂಗಲಿ ನದಿ. ಅದು ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿಗಳ ಸೀಮೆಯಲ್ಲಿ ಹರಿದು, ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಈ ಪಾಠಕ್ಕೆ ನಕ್ಷೆ ಬೇಕು. ಆ ಹುಡುಗಿಯು ‘ಕಿವಿಯ’ ಬಗೆಯವಳಾದರೂ ನಕ್ಷೆಯಿಲ್ಲದೆ ನದಿಯ ದಾರಿ ತಿಳಿಯದು. ಎರಡನೆಯದು ಒಂದು ಷಟ್ಪದಿ. ಅದನ್ನು ಬಾಯಿಬಿಟ್ಟು ಓದಿ ಕೇಳಿದಲ್ಲದೆ ಛಂದಸ್ಸಿನ ನಡೆ ಮನಸ್ಸಿಗೆ ಹತ್ತದು. ಮೂರನೆಯದು ಬಡ್ಡಿಯ ಲೆಕ್ಕ. ಅದನ್ನು ಎಷ್ಟು ನೋಡಿದರೂ ಎಷ್ಟು ಕೇಳಿದರೂ ಸಾಲದು. ಕೈಯಲ್ಲಿ ಮಾಡಿಯೇ ಕಲಿಯಬೇಕು. ಇಂದ್ರಿಯವನ್ನು ಆರಿಸಬೇಕಾದುದು ಪಾಠದ ಸ್ವಭಾವವನ್ನು ನೋಡಿ, ಮಗುವಿನ ಹಣೆಪಟ್ಟಿಯನ್ನು ನೋಡಿ ಅಲ್ಲ.

ಇದು ಕೇವಲ ಶಾಸ್ತ್ರದ ಚರ್ಚೆಯಲ್ಲ. ‘ನೀನು ಕಿವಿಯ ಬಗೆಯವಳು, ಪುಸ್ತಕ ನಿನಗೆ ಒಗ್ಗದು’ ಎಂದು ತಿಳಿದವರೊಬ್ಬರು ಹೇಳಿದರೆ, ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿಯುತ್ತಿರುವ ಹುಡುಗಿಯು ಅದನ್ನು ಹಣೆಬರಹವೆಂದೇ ನಂಬಿ ಪುಸ್ತಕವನ್ನು ಮಡಿಸಿಡಬಹುದು. ಪಟ್ಟಣದ ಅನುಕೂಲಸ್ಥರ ಮನೆಯಲ್ಲಿ ಇಂಥ ಮಾತಿನ ಕೇಡನ್ನು ಮನೆಪಾಠವು ತಿದ್ದೀತು. ಹಳ್ಳಿಯ ಮನೆಯಲ್ಲಿ ತಿದ್ದುವವರಾರು? ಆದರೆ ಒಂದು ಎಚ್ಚರಿಕೆ ಅವಶ್ಯಕ. ದೃಷ್ಟಿ ಮಂದವಾದ, ಕಿವಿ ಕೇಳದ, ಅಥವಾ ಅಕ್ಷರಗಳನ್ನು ಕೂಡಿಸಿ ಓದುವುದರಲ್ಲಿಯೇ ವಿಶೇಷ ತೊಡಕುಳ್ಳ ಮಕ್ಕಳ ವಿಷಯ ಬೇರೆ. ಅವರಿಗೆ ತಕ್ಕ ಪರೀಕ್ಷೆಯೂ ನೆರವೂ ಸಲ್ಲಲೇಬೇಕು.

ಇನ್ನು ಓದಿನ ಕ್ರಮಕ್ಕೆ ಬರೋಣ. ನಮ್ಮ ಹಳೆಯ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿ, ಅಯ್ಯಗಳ ಮುಂದೆ ಒಪ್ಪಿಸುತ್ತಿದ್ದರು. ಅರ್ಥವನ್ನು ಬಿಟ್ಟು ಶಬ್ದವನ್ನು ಹಿಡಿದದ್ದು ಆ ಪದ್ಧತಿಯ ದೋಷ. ಬೆತ್ತದ ಭಯವು ಇನ್ನೊಂದು ದೋಷ. ಆದರೆ ‘ಒಪ್ಪಿಸುವುದು’ ಎಂಬ ಅದರ ಒಂದು ಅಂಗದಲ್ಲಿ ದೊಡ್ಡ ಗುಣವಿತ್ತು. ಪುಸ್ತಕವನ್ನು ಮುಚ್ಚಿ, ಕಲಿತದ್ದನ್ನು ತನ್ನೊಳಗಿನಿಂದಲೇ ಹೊರತೆಗೆಯುವ ಯತ್ನವದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಇದರ ಬೆಲೆಯನ್ನು ಅಂಕಿಗಳಲ್ಲಿ ತೋರಿಸಿತು. ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಅವರೇ ಒಂದು ಸಲ ಓದಿ, ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಎರಡು ಸಲ ಓದಿದ ಪಾಠದಲ್ಲಿ ನೂರಕ್ಕೆ 81 ಭಾಗವೂ ಬರೆದ ಪಾಠದಲ್ಲಿ 75 ಭಾಗವೂ ನೆನಪಿತ್ತು. ಒಂದು ವಾರ ಕಳೆದ ಮೇಲೆ ಕೇಳಿದಾಗ ಎರಡು ಸಲ ಓದಿದ ಪಾಠದಲ್ಲಿ 42 ಭಾಗ, ಬರೆದ ಪಾಠದಲ್ಲಿ 56 ಭಾಗ ಉಳಿದಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ಮತ್ತೆ ಓದುವವನು ತನಗೆಲ್ಲ ಬರುತ್ತದೆಂದು ಏಕೆ ಮೋಸಹೋಗುತ್ತಾನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯ ನಿಯಮವು ಬಿಡುವು. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದು, 1885ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮರೆವು ಮೊದಲ ಗಂಟೆಗಳಲ್ಲಿ ತೀವ್ರ, ಆಮೇಲೆ ಮಂದ. ಅಭ್ಯಾಸವನ್ನು ಹಲವು ದಿನಗಳಿಗೆ ಹಂಚಿದರೆ ಶ್ರಮ ಕಡಮೆ. ಸಿರಾ, ಪಾವಗಡಗಳ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಒಂದೇ ದಿನ ಕೆರೆಯೊಡೆಯುವಂತೆ ಸುರಿದ ಮಳೆಗಿಂತ ಬಿಟ್ಟು ಬಿಟ್ಟು ಬಂದ ಹದಮಳೆಯೇ ಶೇಂಗಾ ಬೆಳೆಯನ್ನು ಕಾಯುತ್ತದೆ.

ಮೂರನೆಯದು ಬೆರಕೆ. ಒಂದೇ ಜಾತಿಯ ಲೆಕ್ಕಗಳನ್ನು ಸಾಲಾಗಿ ಮಾಡಿದರೆ ಕೈ ಚುರುಕಾಗುತ್ತದೆ, ಆದರೆ ಯಾವ ಲೆಕ್ಕಕ್ಕೆ ಯಾವ ಸೂತ್ರವೆಂಬ ವಿವೇಕವು ಬೆಳೆಯುವುದಿಲ್ಲ. ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬಗೆಬಗೆಯ ಘನಾಕೃತಿಗಳ ಲೆಕ್ಕಗಳನ್ನು ಬೆರೆಸಿ ಮಾಡಿದವರು ಒಂದು ವಾರದ ನಂತರ ನೂರಕ್ಕೆ 63 ಅಂಕಗಳನ್ನೂ, ಬೇರೆ ಬೇರೆಯಾಗಿ ಮಾಡಿದವರು 20 ಅಂಕಗಳನ್ನೂ ಪಡೆದರು. ಅಭ್ಯಾಸದ ವೇಳೆಯಲ್ಲಿ ಬೆರೆಸಿದವರೇ ಹೆಚ್ಚು ತಪ್ಪು ಮಾಡಿದ್ದರು ಎಂಬುದು ಗಮನಿಸತಕ್ಕ ಸಂಗತಿ. ಕಲಿಯುವಾಗ ತಡವರಿಸುವುದೆಲ್ಲವೂ ಮಂದಬುದ್ಧಿಯ ಗುರುತಲ್ಲ.

ಈ ಮೂರನ್ನೂ ಗೊರವನಹಳ್ಳಿಯ ಆ ಹುಡುಗಿಯ ಸಂಜೆಗೆ ಅನ್ವಯಿಸೋಣ. ಅವಳು ಜಯಮಂಗಲಿಯ ಪಾಠವನ್ನು ಒಮ್ಮೆ ಗಮನವಿಟ್ಟು ಓದಲಿ. ಪುಸ್ತಕವನ್ನು ಮುಚ್ಚಿ, ಬರಿಯ ಹಾಳೆಯ ಮೇಲೆ ನದಿಯ ದಾರಿಯನ್ನು ಬರೆಯಲಿ. ಮತ್ತೆ ಪುಸ್ತಕ ತೆರೆದು ತಪ್ಪನ್ನು ತಿದ್ದಲಿ. ನಾಳಿದ್ದು ಒಮ್ಮೆ, ಮುಂದಿನ ವಾರ ಒಮ್ಮೆ ಹೀಗೆಯೇ ಮಾಡಲಿ. ನಡುವೆ ಬಡ್ಡಿಯ ಲೆಕ್ಕದೊಡನೆ ಲಾಭನಷ್ಟದ ಲೆಕ್ಕಗಳನ್ನೂ ಬೆರೆಸಲಿ. ನದಿಯು ಉತ್ತರಕ್ಕೇ ಏಕೆ ಹರಿಯಿತು, ಬಡ್ಡಿಯು ಏಕೆ ಬೆಳೆಯಿತು ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿ. ಕೂಲಿಮಠದ ದೋಷವು ಈ ‘ಏಕೆ’ಯಿಂದ ನೀಗುತ್ತದೆ.

ಇದಕ್ಕೆ ಹಣ ಬೇಕಿಲ್ಲ. ಮನೆಯವರು ವಿದ್ಯಾವಂತರಾಗಿರಬೇಕೆಂಬ ನಿರ್ಬಂಧವೂ ಇಲ್ಲ. ಅಕ್ಷರವರಿಯದ ತಾಯಿಯೂ ರಾಗಿ ಬೀಸಿದ ಹಿಟ್ಟನ್ನು ಜರಡಿ ಹಿಡಿಯುತ್ತಲೇ ‘ಇವತ್ತು ಏನು ಓದಿದೆ, ಹೇಳು ಮಗಳೆ, ಕೇಳೋಣ’ ಎನ್ನಬಹುದು. ಮಗಳು ಹೇಳುತ್ತ ಹೇಳುತ್ತ ಎಲ್ಲಿ ನಿಲ್ಲುತ್ತಾಳೋ ಅಲ್ಲಿಯೇ ಮತ್ತೆ ಓದಬೇಕಾದ ಪುಟವಿದೆ. ಅದನ್ನು ತೋರಿಸಿಕೊಡುವುದಕ್ಕೆ ಆ ತಾಯಿಗಿಂತ ಒಳ್ಳೆಯ ಪರೀಕ್ಷಕರು ಬೇಕಿಲ್ಲ. ಪಟ್ಟಣದ ತಂದೆತಾಯಿಗಳೂ ಮಗುವಿನ ಬಗೆ ಯಾವುದೆಂದು ಹುಡುಕುವ ಹೊತ್ತನ್ನು ಈ ಒಂದು ಪ್ರಶ್ನೆಗೆ ಕೊಟ್ಟರೆ ಲಾಭ ಹೆಚ್ಚೆಂದು ನಾವು ನಂಬುತ್ತೇವೆ.