ಕೆಸರಿನಲ್ಲಿ ಅಡಗಿರುವ ಜ್ವರ

ಆಷಾಢದ ಮಳೆ ಹಿಡಿಯಿತೆಂದರೆ ಗೂಡಲೂರಿನ ಸುತ್ತಮುತ್ತಲ ಗದ್ದೆಗಳಲ್ಲಿ ಮೊಣಕಾಲುದ್ದದ ಕೆಸರು. ನಮ್ಮ ಶಾಲೆಯ ಮಕ್ಕಳ ತಂದೆತಾಯಿಗಳಲ್ಲಿ ಅನೇಕರು ನಾಟಿಯ ದಿನಗಳನ್ನು ಬರಿಗಾಲಿನಲ್ಲಿ ಆ ಕೆಸರಿನಲ್ಲಿಯೇ ಕಳೆಯುತ್ತಾರೆ. ಅನ್ನ ಕೊಡುವ ಮಣ್ಣನ್ನು ತಾಯಿಯೆಂದು ಕರೆಯುವುದು ನಮ್ಮ ಸಂಪ್ರದಾಯ. ಆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರೋಗಾಣುವೊಂದೂ ನೆಲೆಸಿರಬಹುದೆಂಬುದನ್ನು ನಾವು ಅರಿತದ್ದು ಮಾತ್ರ ಕೆಲವು ವರ್ಷಗಳ ಹಿಂದೆ, ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ ಹಾಸಿಗೆ ಹಿಡಿದಾಗ.

ಅವರು ಐವತ್ತರ ಸಮೀಪದ ಬೇಸಾಯಗಾರರು, ಸಕ್ಕರೆ ಕಾಯಿಲೆಯುಳ್ಳವರು. ಮಳೆಗಾಲದ ನಡುವೆ ಬಂದ ಜ್ವರ ಬಿಡಲೇ ಇಲ್ಲ. ಕೆಮ್ಮು, ರಾತ್ರಿ ಬೆವರು, ದಿನದಿನಕ್ಕೆ ಸೊರಗುವ ದೇಹ. ಎದೆಯ ಚಿತ್ರದಲ್ಲಿ ಕಲೆಗಳನ್ನು ಕಂಡು ಕ್ಷಯವೆಂದು ಊಹಿಸಿ ಔಷಧ ಕೊಡಲಾಯಿತು. ಎರಡು ತಿಂಗಳಾದರೂ ಗುಣ ಕಾಣದಿರಲು, ಮನೆಯವರು ಅವರನ್ನು ತೊರಪಳ್ಳಿ ದಾಟಿ, ಮುದುಮಲೆ ಬಂಡೀಪುರಗಳ ಕಾಡುಹಾದಿಯಲ್ಲಿ ಮೈಸೂರಿಗೆ ಕರೆದೊಯ್ದರು. ಅಲ್ಲಿ ರಕ್ತವನ್ನು ತೆಗೆದು, ಅದರಲ್ಲಿರುವ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಿದರು. ಬಂದ ಉತ್ತರ ಕ್ಷಯವಲ್ಲ, ‘ಮೆಲಿಯಾಯ್ಡೋಸಿಸ್’. ಆ ಹೆಸರನ್ನು ನಾವು ಅಂದೇ ಮೊದಲು ಕೇಳಿದೆವು.

ಹೆಸರು ಹೊಸದಾದರೂ ರೋಗ ಹೊಸದಲ್ಲ. 1911ರಲ್ಲಿ, ಬರ್ಮಾ ದೇಶವು ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದಾಗ, ರಂಗೂನಿನಲ್ಲಿ ಆಲ್ಫ್ರೆಡ್ ವಿಟ್ಮೋರ್ ಎಂಬ ವೈದ್ಯರೂ ಅವರ ಸಹಾಯಕರಾದ ಸಿ. ಎಸ್. ಕೃಷ್ಣಸ್ವಾಮಿಯವರೂ ಸತ್ತವರ ದೇಹಗಳನ್ನು ಪರೀಕ್ಷಿಸುತ್ತಿದ್ದರು. ಅವರಲ್ಲಿ ಅನೇಕರು ನಿರ್ಗತಿಕರು, ಮಾರ್ಫಿಯಾ ಚಟಕ್ಕೆ ಬಿದ್ದವರು. ಕೆಲವರ ಶ್ವಾಸಕೋಶಗಳು ಕ್ಷಯ ತಗುಲಿದಂತೆಯೇ ಕಂಡರೂ ಅಲ್ಲಿ ಕ್ಷಯದ ರೋಗಾಣು ಇರಲಿಲ್ಲ. ಇದ್ದದ್ದು ಕುದುರೆಗಳ ‘ಗ್ಲ್ಯಾಂಡರ್ಸ್’ ರೋಗದ ಅಣುವನ್ನು ಹೋಲುವ ಬೇರೊಂದು ಜೀವಿ. ಗ್ಲ್ಯಾಂಡರ್ಸ್ ಅಣು ಕದಲದು. ಇದು ಚಲಿಸುತ್ತಿತ್ತು, ಬೇಗ ಬೇಗ ಬೆಳೆಯುತ್ತಿತ್ತು. 1912ರಲ್ಲಿ ಅವರಿಬ್ಬರೂ ಈ ಸಂಗತಿಯನ್ನು ಪ್ರಕಟಿಸಿದರು. 1921ರಲ್ಲಿ ಮಲಯದಲ್ಲಿ ಕೆಲಸ ಮಾಡುತ್ತಿದ್ದ ಸ್ಟ್ಯಾಂಟನ್ ಮತ್ತು ಫ್ಲೆಚರ್ ಎಂಬವರು ರೋಗಕ್ಕೆ ಇಂದಿನ ಹೆಸರನ್ನಿಟ್ಟರು. ‘ಕತ್ತೆಗಳ ರೋಗವನ್ನು ಹೋಲುವುದು’ ಎಂಬರ್ಥದ ಗ್ರೀಕ್ ಮಾತುಗಳಿಂದ ಅದು ಹುಟ್ಟಿದೆ.

ಕುದುರೆಯ ಮಾತು ಬಂದಿತಾಗಿ ಈ ಎರಡು ಅಣುಗಳ ನಂಟನ್ನೂ ಹೇಳಬೇಕು. ಉದಕಮಂಡಲದ ಕೆರೆಯ ಬಳಿ ಪ್ರವಾಸಿಗರನ್ನು ಹೊತ್ತು ತಿರುಗುವ ಕುದುರೆಗಳನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಗ್ಲ್ಯಾಂಡರ್ಸ್ ತಗುಲಿದರೆ ಮೂಗಿನಿಂದ ಕೀವು ಸುರಿಯುತ್ತದೆ, ಚರ್ಮದ ಮೇಲೆ ಗಂಟು, ಹುಣ್ಣುಗಳೇಳುತ್ತವೆ. ಲಾಯದಲ್ಲಿ ದುಡಿಯುವವರಿಗೂ ಅದು ಹರಡಬಲ್ಲದು. ಇದರ ಅಣುವನ್ನು 1882ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಶುಟ್ಸ್ ಗುರುತಿಸಿದರು. 2004ರಲ್ಲಿ ವಿಜ್ಞಾನಿಗಳು ಈ ಎರಡೂ ಅಣುಗಳ ವಂಶಲಿಪಿಯನ್ನು ಪೂರ್ತಿಯಾಗಿ ಓದಿ ಪ್ರಕಟಿಸಿದರು. ಮಣ್ಣಿನ ಅಣುವಿನದು ಸುಮಾರು 72 ಲಕ್ಷ ಅಕ್ಷರಗಳ ಗ್ರಂಥ. ಕುದುರೆಯದು ಸುಮಾರು 58 ಲಕ್ಷ. ಮಣ್ಣಿನ ಅಣುವಿನ ಒಂದು ಕವಲು ಎಂದೋ ಪ್ರಾಣಿಗಳ ದೇಹವನ್ನು ಸೇರಿ, ಅಲ್ಲಿಯೇ ನೆಲೆನಿಂತು, ಬೇಡವಾದ ಪುಟಗಳನ್ನು ಕಳೆದುಕೊಂಡಿತು. ಪಟ್ಟಣ ಸೇರಿದ ಮಗ ಉಳುವುದನ್ನು ಮರೆತಂತೆ, ಅದು ಮಣ್ಣಿನಲ್ಲಿ ಬಾಳುವುದನ್ನೇ ಮರೆಯಿತು. ಆದುದರಿಂದಲೇ ರೋಗದ ಪ್ರಾಣಿಗಳನ್ನು ಬೇರ್ಪಡಿಸಿ ಕೊನೆಗಾಣಿಸಿ ಗ್ಲ್ಯಾಂಡರ್ಸನ್ನು ಅನೇಕ ದೇಶಗಳು ತೊಲಗಿಸಿವೆ. ಮಣ್ಣನ್ನು ಹಾಗೆ ತೊಲಗಿಸಲಾದೀತೆ?

ಮೆಲಿಯಾಯ್ಡೋಸಿಸ್ ಅಣು ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬಾಳುತ್ತದೆ. ಕಾಲಿನ ಗಾಯ, ಬಿರುಮಳೆಯಲ್ಲಿ ಉಸಿರಾಡಿದ ತುಂತುರು, ಕಾಯಿಸದ ನೀರು, ಇವು ಅದರ ಬಾಗಿಲುಗಳು. ಶ್ವಾಸಕೋಶ, ಯಕೃತ್ತು, ಗುಲ್ಮ, ಕೀಲುಗಳಲ್ಲಿ ಕೀವು ಕಟ್ಟುತ್ತದೆ. ಕೆಲವೊಮ್ಮೆ ವರ್ಷಗಟ್ಟಲೆ ದೇಹದಲ್ಲಿ ಮಲಗಿದ್ದು ಮೇಲೇಳುವುದೂ ಉಂಟು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ತಗುಲಿ 89,000 ಜನರನ್ನು ಬಲಿಗೊಳ್ಳುತ್ತದೆಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು.

ಕನ್ನಡ ನಾಡಿನಲ್ಲಿ ಈ ರೋಗದ ಅಧ್ಯಯನಕ್ಕೆ ಹೆಸರಾದ ಸ್ಥಳ ಉಡುಪಿ ಜಿಲ್ಲೆಯ ಮಣಿಪಾಲ. ಅಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಡಾ. ಚಿರಂಜಯ್ ಮುಖೋಪಾಧ್ಯಾಯರೂ ಅವರ ಸಂಗಡಿಗರೂ ಕರಾವಳಿಯ ರೋಗಿಗಳನ್ನು ಕುರಿತು ಬಹುಕಾಲ ಸಂಶೋಧನೆ ನಡೆಸಿದ್ದಾರೆ. ಅವರು ಕಂಡದ್ದು ಎರಡು ಮುಖ್ಯ ಸಂಗತಿಗಳು: ರೋಗಿಗಳು ಹೆಚ್ಚಾಗಿ ಬರುವುದು ಮಳೆಗಾಲದಲ್ಲಿ, ಅವರಲ್ಲಿ ಬಹುಪಾಲು ಜನ ಸಕ್ಕರೆ ಕಾಯಿಲೆಯುಳ್ಳವರು. ಅಭ್ಯಾಸವಿಲ್ಲದ ಪ್ರಯೋಗಶಾಲೆಯಲ್ಲಿ ಈ ಅಣುವನ್ನು ಯಾವುದೋ ಸಾಮಾನ್ಯ ಕಶ್ಮಲವೆಂದು ಬದಿಗೆ ಸರಿಸಿಬಿಡುವ ಅಪಾಯವಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ; ಎದೆಯ ಕಲೆಯೆಲ್ಲ ಕ್ಷಯವೂ ಅಲ್ಲ.

ಇನ್ನು ನಮ್ಮ ಬೇಸಾಯಗಾರರ ಕಥೆ. ಆಸ್ಪತ್ರೆಯಲ್ಲಿ ಎರಡು ವಾರ ರಕ್ತನಾಳಕ್ಕೆ ಮದ್ದು ಕೊಟ್ಟರು. ಪೆನಿಸಿಲಿನ್ ಈ ಅಣುವಿಗೆ ನಾಟದು. ಸೆಫ್ಟಾಜಿಡೀಮ್, ಮೆರೊಪೆನೆಮ್ ಎಂಬ ಮದ್ದುಗಳೇ ಬೇಕು. ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆಗಳು, ಮೂರು ತಿಂಗಳಾದರೂ. ಕೆಲವರಿಗೆ ಆರು ತಿಂಗಳು. ಊರಿಗೆ ಬಂದ ಮೂರನೆಯ ವಾರದಲ್ಲೇ ಅವರು ಶಾಲೆಯ ಜಗುಲಿಯಲ್ಲಿ ಕುಳಿತು, “ಮೇಷ್ಟ್ರೇ, ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಇನ್ನು ಈ ಮಾತ್ರೆ ಏತಕ್ಕೆ? ವಾಂತಿ ಬಂದಂತಾಗುತ್ತದೆ,” ಎಂದರು.

“ಕಳೆಯನ್ನು ಮೇಲೆ ಕೊಯ್ದು ಬೇರನ್ನು ಬಿಟ್ಟರೆ ಗದ್ದೆ ಏನಾಗುತ್ತದೆಂದು ನಿಮಗೆ ನಾವು ಹೇಳಬೇಕೇ?” ಎಂದೆವು.

ಅವರು ಮಾತನಾಡಲಿಲ್ಲ. ವಾಂತಿಯ ವಿಷಯವನ್ನು ವೈದ್ಯರಿಗೆ ತಿಳಿಸುವಂತೆ ಹೇಳಿ, ಗೋಡೆಯ ಮೇಲಿನ ಕ್ಯಾಲೆಂಡರನ್ನು ತೆಗೆದು ಅವರ ಮಗಳ ಕೈಗಿತ್ತೆವು. ತಂದೆ ಮಾತ್ರೆ ನುಂಗಿದ ಪ್ರತಿದಿನವೂ ಒಂದು ಗೆರೆ ಎಳೆಯುವುದು ಅವಳ ಕೆಲಸ. ಅವಳು ಒಂದು ದಿನವನ್ನೂ ಬಿಡಲಿಲ್ಲ. ಮುಂದಿನ ನಾಟಿಯ ಹೊತ್ತಿಗೆ ಅವರು ಗಂಬೂಟು ತೊಟ್ಟು ಗದ್ದೆಗಿಳಿದರು. ಮೊದಲು ನಕ್ಕ ನೆರೆಯವರಲ್ಲಿ ಕೆಲವರು ಈಗ ತಾವೂ ತೊಡುತ್ತಾರೆ.

ಈ ರೋಗಕ್ಕೆ ಬಳಕೆಗೆ ಬಂದ ಲಸಿಕೆ ಇನ್ನೂ ಇಲ್ಲ. ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟು: ಸಕ್ಕರೆ ಕಾಯಿಲೆಯುಳ್ಳವರು ಬರಿಗಾಲಿನಲ್ಲಿ ಕೆಸರಿಗಿಳಿಯಬಾರದು, ಗಾಯವನ್ನು ಮುಚ್ಚಬೇಕು, ನೀರನ್ನು ಕುದಿಸಿ ಕುಡಿಯಬೇಕು. ಮಳೆಗಾಲದ ಜ್ವರ ವಾರವಾದರೂ ಬಿಡದಿದ್ದರೆ, “ನಾವು ಗದ್ದೆಯಲ್ಲಿ ದುಡಿಯುವವರು, ಸಕ್ಕರೆ ಇದೆ, ರಕ್ತವನ್ನು ಬೆಳೆಸಿ ನೋಡುವಿರಾ?” ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಡಿ. ಆ ಒಂದು ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ನಮ್ಮ ವಿದ್ಯಾರ್ಥಿನಿಯ ಮನೆಯವರು ಎರಡು ತಿಂಗಳ ಕಷ್ಟದಿಂದ ಪಾರಾಗುತ್ತಿದ್ದರು.